ಸುಣ್ಣದ ಗೋಡೆ, ಕೊಲ್ಹಾರದ ಮೀನು

೧೬ ನವೆಂಬರ್ ೧೯೭೪, ಶನಿವಾರ
ಬಸವನ ಬಾಗೇವಾಡಿ

ಗಾಜಿನ ತೊಟ್ಟಿಯಲ್ಲಿದ್ದ ಹನ್ನೊಂದು ಮೀನುಗಳೂ ಸತ್ತಿವೆ. ಮಧ್ಯಾಹ್ನ ಮೂರು ಗಂಟೆಗೆ ಮೊಟ್ಟಮೊದಲು ನೋಡಿ ಹೇಳಿದವರು ಅಣ್ಣನ ಹೆಂಡತಿ ರೇವವ್ವ ವೈನಿ. ಕೊಲ್ಹಾರದ ಹೊಳೆಯಿಂದ ಬಕೆಟ್ಟಿನಲ್ಲಿ ತಂದು ನಾನು ಅವುಗಳನ್ನು ಬಿಟ್ಟದ್ದು ಬೆಳಿಗ್ಗೆ ಹತ್ತಕ್ಕೆ.

ಸೊಂಟ ಮುರಿದು ಎರಡು ವರ್ಷದಿಂದ ಮಲಗಿರುವ ನನ್ನಣ್ಣ ಸೋಮನಿಂಗಣ್ಣ, ಮಿರಜದ ಆಪರೇಷನ್ನಿಗೆ ಮೊದಲು ಒಮ್ಮೆ ಹೊಳೆ ನೋಡಬೇಕೆಂದಿದ್ದ. ಕೊಲ್ಹಾರದ ದಾರಿಯ ಕುಲುಕಾಟ ಬೇಡವೆಂದರು ಡಾಕ್ಟರು. ಅದಕ್ಕೇ ಈ ಐದಡಿ ತೊಟ್ಟಿ. ಅದರೊಳಗೆ ಹಿಂಬದಿಗೆ ಹೊಳೆಯ ಕಲ್ಲುಗಳನ್ನೇ ಕೂಡಿಸಿ, ಅಲ್ಲಿಯ ದಂಡೆಯಂತೆ ಒಂದು ಗೋಡೆ.

ಸಿಮೆಂಟಿನ ಪರ್ಮಿಟ್ ಸಿಗಲಿಲ್ಲ. ಗೌಂಡಿ ಧೂಳಪ್ಪ ಸುಣ್ಣದ ಗಾರೆಯಲ್ಲಿ ಕಟ್ಟಿದ. "ತಿಂಗಳತನಕ ನೀರ ತುಂಬಿ ಚೆಲ್ರಿ ಸರ, ಸುಣ್ಣ ಬಿಡಬೇಕು, ಇಲ್ಲಾಂದ್ರ ಮೀನ ಉಳಿಯೂದಿಲ್ಲ" ಎಂದೂ ಹೇಳಿದ್ದ. ನಾನು ಆರು ದಿನ ಚೆಲ್ಲಿದೆ. ಆಪರೇಷನ್ನಿನ ದಿನ ಹತ್ತಿರ ಬಂದಿತ್ತು.

"ಎಂಥಾ ಗ್ವಾಡಿ ಕಟ್ಟ್ಯಾನ, ಅವನ ಕೈ ಸೇದಿ ಹೋಗ್ಲಿ" ಎಂದು ವೈನಿ ಧೂಳಪ್ಪನನ್ನು ಬೈದರು. ಆಗ ನಾನು ಬಾಯಿ ಬಿಡಲಿಲ್ಲ.

ಅಣ್ಣ ನಕ್ಕ. "ನಾ ಮುಂದ ಹೋಗ್ತೇನಿ ಅಂತ ತಿಳದಿದ್ದೆ ತಮ್ಮಾ. ಇವಕ್ಕ ನನಗಿಂತ ಅವಸರ ಇತ್ತು ನೋಡು."

ಅವು ಈಜಿದ್ದನ್ನು ಅವನು ನೋಡಲೇ ಇಲ್ಲ. ಬೆಳಿಗ್ಗೆ ಇಂಜೆಕ್ಷನ್ನಿನ ಮಂಪರಿನಲ್ಲಿದ್ದ. ಎಬ್ಬಿಸಬಹುದಿತ್ತು. ಎದ್ದ ಮೇಲೆ ನಿಧಾನವಾಗಿ ನೋಡಲಿ ಎಂದುಕೊಂಡೆ. ಐದು ತಾಸು ಅವನ ಮಂಚದ ಪಕ್ಕದಲ್ಲೇ ಇದ್ದವು.

ನಾಳೆ ಎಂಟಕ್ಕೆ ಧೂಳಪ್ಪ ಬರುತ್ತಾನೆ. ವೈನಿ ಹೇಳಿ ಕಳಿಸಿದ್ದಾರೆ. ಅವನು ಬಾಯಿ ತೆರೆಯುವ ಮೊದಲು ನಾನೇ ವೈನಿಗೆ—

ಸೋಮವಾರ ಬೆಳಿಗ್ಗೆ ಆರಕ್ಕೆ ಮಿರಜದ ಜೀಪು.