ಬ್ರೂನಿಂಗ್ ಅಂಗಡಿಯ ಒಂದು ಇಟ್ಟಿಗೆ

ಫೋರ್ಟ್ ವೇನ್, ಮಂಗಳವಾರ

ಅಣ್ಣಾ,

ಬೈಯಬೇಡ, ನೀನು ಕೇಳಿದ್ದ ಇಟ್ಟಿಗೆ ಸಿಗಲಿಲ್ಲ. ಅಪ್ಪನ ಬೂಟು ರಿಪೇರಿ ಅಂಗಡಿ ಕೆಡವುತ್ತಾರೆಂಬ ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಅದನ್ನು ಕೆಡವಿ ಮೂರು ವರ್ಷವಾಗಿತ್ತಂತೆ. ನಾವು ಹುಟ್ಟಿ ಬೆಳೆದ ಕ್ಯಾಲ್ಹೂನ್ ಬೀದಿಯ ತುಂಬ ಈಗ ಗಾಜಿನ ಕಟ್ಟಡಗಳು, ಕುಂಡದಲ್ಲಿ ನೆಟ್ಟ ಮರಗಳು. ಎರಡು ಸಲ ಉದ್ದಕ್ಕೂ ನಡೆದರೂ ಅಂಗಡಿಯ ಜಾಗ ಗೊತ್ತಾಗಲಿಲ್ಲ. ಸೋತು, ಬೆಂಚಿನ ಮೇಲೆ ಕೂತಿದ್ದ ಒಬ್ಬ ಮುದುಕಿಯನ್ನು ಬಸ್ ನಿಲ್ದಾಣಕ್ಕೆ ದಾರಿ ಕೇಳಿದೆ.

"ಸುಲಭ ಕಣಮ್ಮ. ಹಿಂದೆ ಟೋಪಿ ಅಂಗಡಿ ಇತ್ತಲ್ಲಾ, ಅಲ್ಲಿಂದ ನೇರ ಹೋಗು. ಬ್ರೂನಿಂಗ್ ಬೂಟಿನಂಗಡಿ ಇತ್ತಲ್ಲಾ, ಅಲ್ಲಿ ಎಡಕ್ಕೆ ತಿರುಗು."

ಇಲ್ಲದ್ದನ್ನು ಹೇಳಿ ದಾರಿ ತೋರಿಸುವ ನಮ್ಮೂರವರ ಚಾಳಿ ಇನ್ನೂ ಬಿಟ್ಟಿಲ್ಲ. ಬ್ರೂನಿಂಗನ ಮಗಳಾದ ನಾನೇ, "ಬ್ರೂನಿಂಗ್ ಅಂಗಡಿ ಎಲ್ಲಿತ್ತಜ್ಜಿ?" ಎಂದು ಕೇಳಬೇಕಾಯಿತು.

"ಊರಿಗೆ ಹೊಸಬಳೇನಮ್ಮ? ಅಗೋ, ಆ ಕಾರಂಜಿ ಕಾಣ್ತಿದೆಯಲ್ಲ, ಅಲ್ಲೇ."

ಹೌದಜ್ಜಿ, ಹೊಸಬಳು ಎಂದೆ.

ಕಾರಂಜಿಯ ಕಟ್ಟೆಯ ಮೇಲೆ ಕೂತು ಈ ಚಿತ್ರದ ಕಾರ್ಡು ಬರೆಯುತ್ತಿದ್ದೇನೆ. ನಿನ್ನ ಕಾಲಿನ ಊತ ಇಳಿಯಿತೇ? ಮಾತ್ರೆ ತಪ್ಪಿಸಬೇಡ. ನನಗೆ ಬಸ್ಸಿನ ಹೊತ್ತಾಯಿತು. ಕಾರ್ಡಿನ ಚಿತ್ರದಲ್ಲಿರುವುದು ಇದೇ ಕಾರಂಜಿ. ಅಪ್ಪ ಕೂತು ಹೊಲಿಯುತ್ತಿದ್ದದ್ದು ಎಲ್ಲಿ ಎಂದು ಪೆನ್ನಿನಿಂದ ಗುರುತು ಹಾಕಿದ್ದೇನೆ, ನೀರಿನ ನಡುವೆ. ತಪ್ಪಿದ್ದರೆ ನೀನೇ ತಿದ್ದು.

ನಿನ್ನ ತಂಗಿ
ವರ್ನಾ