ಬ್ರೇಕಿಗೆ ಸುರಿದ ಎಣ್ಣೆ

ನಾಪೋಕ್ಲು,
14-11-2024, ಗುರುವಾರ

ಪ್ರೀತಿಯ ಕವನಾಳ ಅಪ್ಪನಿಗೆ,

ಯಮುನಳ ನಮಸ್ಕಾರ. ಹೇಗಿದ್ದೀರಿ? ಅಲ್ಲಿ ಗಡಿಯಲ್ಲಿ ಚಳಿ ಶುರುವಾಗಿರಬೇಕು. ಹೋದ ವರ್ಷದ ಹಾಗೆ ಹಿಮ್ಮಡಿ ಬಿರಿದು ರಕ್ತ ಬರುವ ತನಕ ಉದಾಸೀನ ಮಾಡಬೇಡಿ, ಮುಲಾಮು ನಿಮ್ಮ ಪೆಟ್ಟಿಗೆಯ ತಳದಲ್ಲಿ ಉಣ್ಣೆಯ ಕಾಲುಚೀಲದ ಒಳಗೇ ಇದೆ. ಇಲ್ಲಿ ಅತ್ತೆಯ ಮಂಡಿನೋವು ಹಾಗೇ ಇದೆ, ಮಾವ ಗಟ್ಟಿಯಾಗಿದ್ದಾರೆ, ಕವನಾಳಿಗೆ ಶೀತ ಬಂದು ಹೋಯಿತು. ನನಗೆ ಕಾಯಿಲೆ ಏನೂ ಇಲ್ಲ, ಕೋಪ ಮಾತ್ರ ಇದೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡಿ. ನೀವು ಫೋನ್ ಮಾಡುವುದು ಮಾವನ ಮೊಬೈಲಿಗೆ. ಅವರು ಅದನ್ನು ಸ್ಪೀಕರಿಗೆ ಹಾಕಿ ಜಗಲಿಯ ಮೇಲೆ ಇಟ್ಟು ಮಾತಾಡುತ್ತಾರೆ, ನನ್ನ ಸರದಿ ಬರುವಷ್ಟರಲ್ಲಿ ಲೈನು ಕಡಿದು ಹೋಗುತ್ತದೆ. ಹೋದ ಭಾನುವಾರ ಮಾವ ನಿಮಗೆ 'ಯಮುನ ಗಾಡಿನ ಚರಂಡಿಗೆ ಇಳಿಸಿತ್' ಎಂದದ್ದು, ನೀವು ಒಂದು ಮಾತು ವಿಚಾರಿಸದೆ 'ಇನ್ನ್ ಅದರ ಕೈಗೆ ಗಾಡಿ ಕೊಡ್ಬೇಡಿ' ಎಂದದ್ದು, ಎರಡೂ ಅಡುಗೆಮನೆಯವರೆಗೆ ಕೇಳಿಸಿತು. ನನಗೆ ಮೈಯೆಲ್ಲ ಉರಿದುಹೋಯಿತು. ಅದಕ್ಕೇ ಈ ಪತ್ರ. ಇದರಲ್ಲಿ ನಡುವೆ ಯಾರೂ ಬಾಯಿ ಹಾಕುವ ಹಾಗಿಲ್ಲ, ನೀವೂ ಸೇರಿ.

ನಡೆದದ್ದನ್ನು ಕೇಳಿ. ಅತ್ತೆಯ ಮಂಡಿಗೆ ಕೇರಳದ ಇರಿಟ್ಟಿಯ ವೈದ್ಯರೊಬ್ಬರ ತೈಲ ಹಿಡಿಸುತ್ತದೆ ಎಂದು ಯಾರೋ ಹೇಳಿದ್ದರು. ಅತ್ತೆಯನ್ನೂ ಕವನಾಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಮಾಕುಟ್ಟದ ಘಾಟಿ ಇಳಿಯುತ್ತಿದ್ದೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂದು ಕಲಿಸಿದವರು ನೀವೇ, ಹಾಗಾಗಿ ಎರಡನೇ ಗೇರು ಬಿಟ್ಟಿರಲಿಲ್ಲ. ಅರ್ಧ ದಾರಿಯಲ್ಲಿ ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಗಾಡಿ ಬಿಗಿಯಾಯಿತು, ಸುಟ್ಟ ವಾಸನೆ ಬಂತು. ನಿಲ್ಲಿಸಿ ನೋಡೋಣ ಎಂದು ಬ್ರೇಕು ಒತ್ತಿದರೆ ಪೆಡಲು ಸೀದಾ ತಳಕ್ಕೆ ಹೋಯಿತು. ಬಲಗಡೆಯ ಪ್ರಪಾತ ಎಂಥದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದನೇ ಗೇರಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಎಡಗಡೆಯ ಗುಡ್ಡದ ಬರೆಗೆ ಉಜ್ಜಿಕೊಂಡು ಚರಂಡಿಗೆ ಇಳಿಸಿ ನಿಲ್ಲಿಸಿದೆ. ಹೌದು, ಚರಂಡಿಗೆ ಇಳಿಸಿದೆ! ಇಳಿಸಿದ್ದಕ್ಕೇ ಇವತ್ತು ಮೂವರೂ ಇದ್ದೇವೆ. ಹಿಂದಿನಿಂದ ಬಂದ ಮೀನಿನ ಲಾರಿಯ ಮಲಯಾಳಿ ಇಳಿದು ನೋಡಿ ಮೊದಲು ಕೇಳಿದ್ದು 'ಎಂದಾ ಚೇಚಿ, ಏನಾಯ್ತು, ಬ್ರೇಕ್ ಹಿಡ್ಕೊಂಡೇ ಇಳಿದದ್ದಾ?' ಎಂದು. ಮನೆಗೆ ಬಂದಾಗ ಮಾವ ಕೇಳಿದ್ದೂ ಅದನ್ನೇ. ಪೆಟ್ಟಾಯಿತಾ ಎಂದು ಕೇಳಿದವಳು ತೋಟದ ಕೆಲಸದ ಕೆಂಚಿ ಒಬ್ಬಳೇ.

ಗಾಡಿಯನ್ನು ಉದಯನ ಗ್ಯಾರೇಜಿಗೆ ಎಳೆಸಿಕೊಂಡು ಬಂದೆವು. ಅವನು ಚಕ್ರ ಬಿಚ್ಚಿ, ಸುಟ್ಟು ಕರಿಯಾದ ಬ್ರೇಕ್ ಪ್ಯಾಡುಗಳನ್ನು ನನ್ನ ಮುಖದೆದುರು ಹಿಡಿದು, 'ಮೇಡಂ, ನಿಮ್ಮ ಕಾಲು ಯಾವಾಗ್ಲೂ ಪೆಡಲಿನ ಮೇಲೇ ಇರ್ತದೆ ಕಾಣ್ತದೆ' ಎಂದ. ಹೊಸ ಪ್ಯಾಡು ಹಾಕಿದ, ಬ್ರೇಕ್ ಎಣ್ಣೆ ಕಡಿಮೆಯಾಗಿದ್ದಷ್ಟು ತುಂಬಿಸಿದ, ಮುಗಿಯಿತು. ಮಾವ ಕೀಲಿಯನ್ನು ನಿಮ್ಮ ತಮ್ಮ ಮಿಲನ್‌ನ ಕೈಗೆ ಕೊಟ್ಟರು. ಸಂತೆಯ ದಿನ ಮಿಲನ್ ಓಡಿಸುತ್ತಿದ್ದಾಗ ಪೇಟೆಯ ನಟ್ಟನಡುವೆ ಚಕ್ರ ಮತ್ತೆ ಹಿಡಿದುಕೊಂಡು ಗಾಡಿ ನಿಂತೇಬಿಟ್ಟಿತು, ಹಿಂದೆ ಬಸ್ಸಿನವರೆಲ್ಲ ಹಾರ್ನ್ ಹೊಡೆದು ಊರು ಕೂಡಿಸಿದರು. ಆಗ ಯಾರಾದರೂ ಮಿಲನ್‌ನ ಕಾಲಿನ ಸುದ್ದಿ ಎತ್ತಿದರಾ? ಇಲ್ಲ. ಅವನು ಓಡಿಸಿದರೆ 'ಗಾಡಿಗೆ ವಯಸ್ಸಾತ್', ನಾನು ಓಡಿಸಿದರೆ ನನ್ನ ಕಾಲು! ಈಗ ಮಾವ ಗಾಡಿ ಮಾರಿಬಿಡುವ ಮಾತು ತೆಗೆದಿದ್ದಾರೆ. ಮುಂದಿನ ಸಲ ನೀವು ಫೋನ್ ಮಾಡಿದಾಗ ನಿಮ್ಮ ಒಪ್ಪಿಗೆ ಕೇಳುತ್ತಾರೆ. ಗಾಡಿ ಹೋದರೆ ಅತ್ತೆಯ ಆಸ್ಪತ್ರೆಗೆ, ಕವನಾಳ ಶಾಲೆಗೆ, ತೋಟದ ಗೊಬ್ಬರಕ್ಕೆ ನಾನು ಯಾರ ಮನೆಯ ಜೀಪಿನ ಮುಂದೆ ಹೋಗಿ ನಿಲ್ಲಲಿ? ಅದಕ್ಕಿಂತ ಹೆಚ್ಚಾಗಿ, ಮಾಡದ ತಪ್ಪನ್ನು ಜನ್ಮಪೂರ್ತಿ ಯಾಕೆ ಹೊರಲಿ?

ಸಂತೆಯ ಮರುದಿನ, ಗಾಡಿಯನ್ನು ಮತ್ತೆ ಎಳೆಸಿ ಇಟ್ಟಿದ್ದ ಗ್ಯಾರೇಜಿಗೆ ನಾನೇ ಹೋದೆ. ಪ್ಯಾಡಿನ ಕಥೆ ಸಾಕು, ಎಣ್ಣೆಯ ಡಬ್ಬಿ ತೆರೆ ಎಂದೆ. ಮುಚ್ಚಳದ ಒಳಗಿನ ರಬ್ಬರು ನೆನೆಹಾಕಿದ ಕಡಲೆಯ ಹಾಗೆ ಊದಿಕೊಂಡಿತ್ತು. ಬಗ್ಗಿ ಮೂಸಿ ನೋಡಿದೆ. ಆ ವಾಸನೆ ನನಗೆ ಹೊಸದಲ್ಲ. ಕಳೆ ಕೊಚ್ಚುವ ಮಿಷನ್ನಿಗೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಕೆಲಸದ ಮುತ್ತನ ಕೈಗೆ ಕೊಡುವವಳು ನಾನೇ ಅಲ್ಲವೇ? ಉದಯ ಸಿರಿಂಜಿನಲ್ಲಿ ಒಂದಿಷ್ಟು ಎಳೆದು ನೀರಿನ ಬಾಟಲಿಗೆ ಬಿಟ್ಟ. ಸ್ವಲ್ಪ ಹೊತ್ತಿನಲ್ಲಿ ಅದು ಎರಡು ಪದರವಾಯಿತು, ಕೆಳಗೆ ನೀರಿನಲ್ಲಿ ಬೆರೆತ ಬ್ರೇಕಿನದು, ಮೇಲೆ ಹಸಿರಾಗಿ ಮಿಷನ್ನಿನ ಎಣ್ಣೆ. ಅವನ ಮುಖ ನೋಡಬೇಕಿತ್ತು ನೀವು. 'ಅಯ್ಯೋ ಮೇಡಂ, ಬ್ರೇಕಿಗೆ ಹಾಕೋದು ಎಣ್ಣೆಯೇ ಅಲ್ಲ, ನಾವು ಬಾಯಿಮಾತಿಗೆ ಹಾಗೆ ಹೇಳೋದು. ನಿಜವಾದ ಎಣ್ಣೆ ಬಿದ್ರೆ ಒಳಗಿನ ರಬ್ಬರೆಲ್ಲ ಊದಿ, ಒತ್ತಿದ ಬ್ರೇಕು ಬಿಡೋದಿಲ್ಲ. ಆಮೇಲೆ ರಬ್ಬರು ಹರಿದು, ಹಿಡಿಯೋದೂ ಇಲ್ಲ' ಎಂದ. ಅವನ ಅಂಗಡಿಯ ಬೋರ್ಡಿನಲ್ಲೇ 'ಬ್ರೇಕ್ ಎಣ್ಣೆ ದೊರೆಯುತ್ತದೆ' ಎಂದು ಕೆಂಪಕ್ಷರದಲ್ಲಿ ಬರೆಸಿದ್ದಾನೆ, ಪುಣ್ಯಾತ್ಮ! ನನ್ನ ಕಾಲಿನ ಸುದ್ದಿ ಆಡುವ ಮೊದಲು ಅದನ್ನು ಅಳಿಸು ಎಂದೆ.

ಈಗ ಹೇಳಿ, ಆ ಎಣ್ಣೆ ಹಾಕಿದ್ದು ಯಾರು? ನೀವು. ಆಯುಧಪೂಜೆಗೆಂದು ರಜೆಯಲ್ಲಿ ಬಂದವರು ಕೋವಿ, ಕತ್ತಿ, ಮಿಷನ್ನು, ಕಾರು ಎಲ್ಲವನ್ನೂ ಅಂಗಳದಲ್ಲಿ ಸಾಲಾಗಿ ಇಟ್ಟು ಒರೆಸಿದಿರಿ. ಕೋವಿಗೆ ಎಣ್ಣೆ, ಮಿಷನ್ನಿಗೆ ಎಣ್ಣೆ, ಆಮೇಲೆ 'ಬ್ರೇಕಿಗೂ ಎಣ್ಣೆ ಕಮ್ಮಿ ಉಟ್ಟು' ಎಂದು ಬಾನೆಟ್ ಎತ್ತಿ, ಕೈಯಲ್ಲಿದ್ದ ಬಾಟಲಿಯಿಂದಲೇ ಸುರಿದಿರಿ. ನಾನು ಹೂವಿನ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಪಟ್ಟಾಳದವರು, ಮಿಲಿಟರಿಯಲ್ಲಿ ಕಲಿತವರು, ತಿಳಿದೇ ಹಾಕುತ್ತಾರೆ ಎಂದುಕೊಂಡೆ. ಬೇಕೆಂದು ಮಾಡಿದಿರಿ ಎನ್ನುತ್ತಿಲ್ಲ. ನಮ್ಮಲ್ಲಿ ಎಲ್ಲದಕ್ಕೂ ಎಣ್ಣೆ ಎನ್ನುವುದು ರೂಢಿ, ಸಂಜೆ ನೀವು ಗೆಳೆಯರ ಜೊತೆ ಕುಡಿದದ್ದಕ್ಕೂ ಅದೇ ಹೆಸರು. ಆದರೆ ಮಾವನಿಗೆ ಈ ಸಂಗತಿ ಹೇಳಿದರೆ ಅವರು 'ಅಂವ ಪಟ್ಟಾಳದಂವ, ಅಂವಂಗೆ ಗೊತ್ತಿಲ್ಲದ್ ಎಂಥ ಉಟ್ಟು?' ಎಂದು ಎದ್ದು ಹೋದರು. ಎರಡು ಪದರವಾದ ಆ ನೀರಿನ ಬಾಟಲಿ ತೋರಿಸಿದರೂ ನೋಡಲಿಲ್ಲ. ಬೈದಿದ್ದರೆ ಜಗಳವಾದರೂ ಆಡುತ್ತಿದ್ದೆ.

ಗಾಡಿ ಈಗ ಸರಿಯಾಗಿದೆ. ಮಾಸ್ಟರ್ ಸಿಲಿಂಡರು, ಚಕ್ರಗಳ ಒಳಗಿನ ರಬ್ಬರುಗಳು, ಹೋಸುಗಳು ಎಲ್ಲ ಹೊಸದು. ಹಿಂದಿನ ಚಕ್ರಕ್ಕೆ ಹೋಗುವ ಕಬ್ಬಿಣದ ಪೈಪು ನಮ್ಮ ಮಳೆಗೆ ತುಕ್ಕು ಹಿಡಿದಿತ್ತು, ಅದನ್ನೂ ಬದಲಿಸಿದ್ದಾನೆ. ಉಳಿದ ಪೈಪುಗಳನ್ನು ತೊಳೆದು, ಸೀಲು ಒಡೆಯದ ಡಬ್ಬಿಯಿಂದ ಹೊಸದು ತುಂಬಿಸಿದ. ಅರ್ಧ ಖಾಲಿಯಾಗಿ ಬಿದ್ದಿರುವ ಡಬ್ಬಿಯದನ್ನು ಮತ್ತೆ ಹಾಕಬಾರದಂತೆ, ಅದು ಗಾಳಿಯ ತೇವ ಕುಡಿದು ಕೆಟ್ಟಿರುತ್ತದಂತೆ. ಇದನ್ನಾದರೂ ನೆನಪಿಡಿ. ಪೈಪಿನ ಗಾಳಿ ತೆಗೆಯುವಾಗ ಪೆಡಲು ಒತ್ತಲು ಒಬ್ಬರು ಬೇಕಿತ್ತು. ಉದಯ ಚಕ್ರದ ಬಳಿ ಕೂತು 'ಒತ್ತಿ, ಹಿಡೀರಿ, ಬಿಡಿ' ಎನ್ನುತ್ತಿದ್ದ, ನಾನು ಒತ್ತುತ್ತಿದ್ದೆ. ಇಡೀ ಊರು ದೂರಿದ ಅದೇ ಕಾಲಿನಿಂದ! ಮೊದಲು ಮೆತ್ತಗಿದ್ದ ಪೆಡಲು ಕೊನೆಗೆ ಕಾಲಡಿ ಗಟ್ಟಿಯಾಗಿ ನಿಂತಾಗ ನನಗೆ ಅಳುವೇ ಬಂತು. ಗಾಡಿಯನ್ನು ಮನೆಗೆ ನಾನೇ ಓಡಿಸಿಕೊಂಡು ಬಂದೆ. ಮಾವ ಕೀಲಿಗೆ ಕೈ ಚಾಚಿದರು, ನಾನು ಕೊಡಲಿಲ್ಲ. ಮದುವೆಯಾದ ಮೇಲೆ ಅವರಿಗೆ ಎದುರಾದದ್ದು ಇದೇ ಮೊದಲು. ಮುಂದಿನ ಫೋನಿನಲ್ಲಿ ಅವರು ಕೇಳುವ ಮೊದಲೇ, ಎಲ್ಲರೂ ಕೇಳುವ ಹಾಗೆ, ತಪ್ಪು ನಿಮ್ಮದೆಂದು ನೀವೇ ಹೇಳಬೇಕು. 'ಯಾರೋ ಹಾಕಿರಬೇಕು' ಎಂದು ಜಾರಿಕೊಂಡರೆ ನನಗೆ ಸಾಲದು.

ಕೋಪದಲ್ಲಿ ಬರೆದೆ, ಬರೆದದ್ದನ್ನು ಅಳಿಸುವುದಿಲ್ಲ. ಹೊಟ್ಟೆ ತುಂಬ ಉಣ್ಣಿ, ಬೆಚ್ಚಗೆ ಮಲಗಿ. ಪುತ್ತರಿ ಹಬ್ಬಕ್ಕೆ ನೀವಿಲ್ಲ ಎನ್ನುವುದು ಈಗಲೇ ಬೇಸರ. ಇಗ್ಗುತಪ್ಪ ದೇವರು ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ.

ನಿಮ್ಮ,
ಯಮುನ

ತಾ.ಕ.: ಅಂಚೆಯವರು ಬರುವ ಹೊತ್ತಾಯಿತು. ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಶಾಲೆಗೆ ಬಿಡುತ್ತೇನೆ ಬಾ ಎಂದರೆ ಕವನಾ ಕಾರಿಗೆ ಹತ್ತಲಿಲ್ಲ. ಬಾಗಿಲು ತೆರೆದು ಹಿಡಿದೆ, ಚೀಲ ಬೆನ್ನಿಗೆ ಹಾಕಿಕೊಂಡು ಬಸ್ಸಿಗೆ ನಡೆದುಬಿಟ್ಟಳು. ಮಾವನಿಗೆ ಆಮೇಲೆ ಹೇಳಿ, ಮೊದಲು ಅವಳನ್ನು ಫೋನಿಗೆ ಕರೆಯಿರಿ. ತಪ್ಪು ನನ್ನ ಕಾಲಿನದಲ್ಲ, ಗಾಡಿ ಈಗ ಸರಿಯಾಗಿದೆ ಎಂದು ನಾನು ಬಿಡಿಸಿ ಹೇಳಿ ನೋಡಿದೆ. ಎಲ್ಲ ಕೇಳಿಸಿಕೊಂಡು, 'ಅಪ್ಪ ಹೇಳಲಿ' ಎಂದಳು.