ಮೀನಿನ ಚರ್ಮದ ಜೋಡು

ಡುಂಗಾ ದಡ, ಕಿಸುಮು
ಮಾರ್ಚ್ ೯, ಸೋಮವಾರ

ಪ್ರೀತಿಯ ಅಪಿಯೊ,

ಹೇಗಿದ್ದೀಯೆ? ಹೋದ ಸಲ ಬಂದಾಗ ಎದೆಯಲ್ಲಿ ಗೊರಗೊರ ಅನ್ನುತ್ತಿದ್ದ ಆ ಕೆಮ್ಮು ಬಿಟ್ಟಿತೇ? ನೈರೋಬಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲಾ ನಿಂತುಕೊಂಡೇ ಚಹಾ ಕುಡಿದು ಓಡುತ್ತೀಯೋ? ಎಷ್ಟೇ ಸಿಟ್ಟಿದ್ದರೂ ಕಾಗದದಲ್ಲಿ ಮೊದಲು ಆರೋಗ್ಯ ಕೇಳಬೇಕೆಂದು ನಮಗೆ ಕಲಿಸಿದವಳು ಅಮ್ಮ. ಅದಕ್ಕೇ ಕೇಳಿದ್ದೇನೆ, ಉತ್ತರವೂ ನನಗೆ ಬೇಕು. ಅಮ್ಮ ಊರಿನಲ್ಲಿ ಚೆನ್ನಾಗಿದ್ದಾಳೆ. ಮಂಡಿ ನೋವು ಹಾಗೇ ಇದೆ, ಆದರೂ ಜೋಳದ ಹೊಲಕ್ಕೆ ಹೋಗುವುದು ಬಿಟ್ಟಿಲ್ಲ. ಔಕೊ ಹೋಮಾಬೇಯಲ್ಲಿ ದೊಡ್ಡ ದೋಣಿಯೊಂದನ್ನು ಕಟ್ಟಿಕೊಟ್ಟು ಬಂದ. ತಿಂಗಳುಗಟ್ಟಲೆ ಅಲ್ಲಿದ್ದು ಮರಳಿದ ಗಂಡನನ್ನು ಕಂಡು ಖುಷಿಯಾಗಿದ್ದೆ. ಆ ಖುಷಿ ಒಂದೇ ದಿನ ಉಳಿಯಿತು. ಯಾಕೆಂದು ಬರೆಯುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಕೇಳಬಹುದು. ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹೂಂಗುಟ್ಟುತ್ತೇನೆ. ಹುಟ್ಟಿದಾಗಿನಿಂದ ಹಾಗೇ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ.

ಎರಡು ವಾರದ ಹಿಂದೆ, ಭಾನುವಾರ ಚರ್ಚಿನಿಂದ ಬಂದು ಉಗಾಲಿ ಮುದ್ದೆಗೆ ನೀರಿಟ್ಟಿದ್ದೆ. ಬೇಲಿಯಾಚೆ ಅಳುವ ದನಿ ಕೇಳಿಸಿತು. ನೋಡಿದರೆ ಮಾಮಾ ಅಕೆಯೊ. ದಡದಲ್ಲಿ ಮೀನು ಹುರಿಯುವವರ ಸಾಲಿನಲ್ಲಿ ಮೊದಲ ಒಲೆಯವಳು, ಅವಳೇ. ಎರಡೂ ಕೈ ತಲೆಯ ಮೇಲಿಟ್ಟುಕೊಂಡು, ಸಾವಿನ ಮನೆಗೆ ಬರುವ ಹಾಗೆ ರಾಗ ಎಳೆಯುತ್ತಾ ಬರುತ್ತಿದ್ದಳು. ಹಿಂದೆ ಇಬ್ಬರು ಹೆಂಗಸರು, ಒಬ್ಬಳ ಕೈಯಲ್ಲಿ ಸಕ್ಕರೆ, ಇನ್ನೊಬ್ಬಳ ಕೈಯಲ್ಲಿ ಚಹಾಪುಡಿ. ಅಮ್ಮನಿಗೇ ಏನೋ ಆಯಿತೆಂದು ಬೇಲಿಯತ್ತ ಓಡಿದೆ. ಮಾಮಾ ಅಕೆಯೊ ನನ್ನನ್ನು ಬಿಗಿಯಾಗಿ ತಬ್ಬಿಕೊಂಡು, "ಅಯ್ಯೋ ಮಗಳೇ, ಇಷ್ಟು ಚಿಕ್ಕ ವಯಸ್ಸಿಗೆ ಹೀಗಾಗಬೇಕಾ! ಸರೋವರ ನುಂಗಿಬಿಡ್ತಲ್ಲೇ ಅವನನ್ನ! ನಮಗೊಂದು ಮಾತು ಹೇಳಬಾರದಿತ್ತಾ? ಯಾವಾಗ ಮಣ್ಣು ಮಾಡಿದ್ರಿ?" ಎಂದಳು. ಅಷ್ಟರಲ್ಲಿ ಹಿತ್ತಲಿನಿಂದ ಔಕೊ, ಕೈಯಲ್ಲಿ ಕೀಸುಳಿ, ಮೈತುಂಬ ಮರದ ಹೊಟ್ಟು, ಯಾರು ಸತ್ತರು ಎಂದು ನೋಡಲು ಹೊರಬಂದ. ಮೂವರು ಹೆಂಗಸರೂ ಒಟ್ಟಿಗೇ ಕಿರುಚಿಕೊಂಡರು. ಒಬ್ಬಳು ಶಿಲುಬೆಯ ಗುರುತು ಹಾಕಿಕೊಂಡಳು. ವಿಷಯ ಅರ್ಥವಾದ ಮೇಲೆ ಔಕೊ, "ನಾನು ಸತ್ತಿದ್ದು ನಿಜವಾದರೆ ಸಕ್ಕರೆ ವಾಪಸ್ ಒಯ್ಯಬೇಡಿ ತಾಯಂದಿರೇ. ಸತ್ತವನಿಗೂ ಒಂದು ಲೋಟ ಚಹಾ ಸಿಗಲಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ ಅಪಿಯೊ. ಯಾರೋ ತಪ್ಪು ಸುದ್ದಿ ಹಬ್ಬಿಸಿದ್ದಾರೆಂದು ತಿಳಿದು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಗ ಮಾಮಾ ಅಕೆಯೊ ಸಿಟ್ಟಿನಿಂದ, "ನಾನೇನು ಸುಳ್ಳು ಹೇಳ್ತೀನಾ? ನಿನ್ನ ಅಕ್ಕನೇ ಹೇಳಿದ್ದು, ಇಲ್ನೋಡು" ಎಂದು ಫೋನ್ ತೆಗೆದಳು.

ಹಸಿರು ಕಿಟೆಂಗೆ ಬಟ್ಟೆ ಉಟ್ಟು ಯುವ ಉದ್ಯಮಿಗಳ ಸ್ಪರ್ಧೆಯ ವೇದಿಕೆಯ ಮೇಲೆ ನಿಂತಿದ್ದೆ ನೀನು. ಎಷ್ಟು ಚೆಂದ ಕಾಣುತ್ತಿದ್ದೆ! ಮೀನಿನ ಚರ್ಮದ ನಮ್ಮ ಚಪ್ಪಲಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದೆ. ಹಿಂದಿನ ದೊಡ್ಡ ಪರದೆಯ ಮೇಲೆ, ಚರ್ಮ ಹದ ಮಾಡುವ ಪೀಪಾಯಿಗೆ ಮೊಣಕೈವರೆಗೂ ಕೈ ಅದ್ದಿ ಬಗ್ಗಿ ನಿಂತ ನನ್ನ ಚಿತ್ರ. ಅದು ಒಂದು ಬೆಳಿಗ್ಗೆ ನಗುತ್ತಾ ನೀನೇ ತೆಗೆದ ಚಿತ್ರ, "ಸುಮ್ನೆ ಇರಲಿ ಬಿಡೇ, ನೆನಪಿಗೆ" ಅಂದಿದ್ದೆ. ವೇದಿಕೆಯ ಮೇಲೆ ನೀನು ಹೇಳಿದ್ದು ಬೇರೆ. ಇವಳು ಗಂಡನನ್ನು ಸರೋವರಕ್ಕೆ ಕಳೆದುಕೊಂಡ ವಿಧವೆ. ಓದು ಬರಹ ಬಾರದವಳು. ನಾನು ಕಂಡುಹಿಡಿದ ವಿದ್ಯೆಯನ್ನು ಇವಳ ಕೈಗೆ ಕೊಟ್ಟೆ. ಇಂಥ ಹತ್ತು ಹೆಂಗಸರ ಬಾಳು ಬೆಳಗಿದೆ ಎಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಷ್ಟಕ್ಕೆ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ತೀರ್ಪುಗಾರರಲ್ಲಿ ಒಬ್ಬಾಕೆ ಕೇಳಿದಳಲ್ಲ, ನಿಮ್ಮ ಚಪ್ಪಲಿಗೆ 'ರುದೆ' ಎಂದು ಹೆಸರಿಟ್ಟಿದ್ದೀರಿ, ಹಾಗೆಂದರೇನು ಎಂದು. ನೀನು ಒಂದು ಗಳಿಗೆಯೂ ತಡವರಿಸಲಿಲ್ಲ. "ನಮ್ಮ ಭಾಷೆಯಲ್ಲಿ ಅವಳಿ ಅಂತ. ಚಪ್ಪಲಿ ಯಾವಾಗಲೂ ಜೋಡಿಯಾಗೇ ಹುಟ್ಟುತ್ತಲ್ಲ, ಅದಕ್ಕೆ" ಎಂದೆ. ಎಲ್ಲರೂ ನಕ್ಕರು.

ಮಾಮಾ ಅಕೆಯೊ ಫೋನ್ ಒಳಗಿಟ್ಟುಕೊಂಡಳು. ಒಲೆಯ ಮೇಲೆ ನೀರು ಬತ್ತಿಹೋಗಿತ್ತು. ಔಕೊ ಪಾತ್ರೆ ಇಳಿಸಿದ.

ನಾವಿಬ್ಬರೂ ಒಂದೇ ಬಸಿರಿನಲ್ಲಿದ್ದವರು. ಮೊದಲು ಹೊರಬಂದೆ ಎಂದು ನಿನಗೆ ಅಪಿಯೊ ಎಂಬ ಹೆಸರು, ಹಿಂದುಳಿದೆ ಎಂದು ನನಗೆ ಅಡೊಂಗೊ. ಅಷ್ಟು ಬಿಟ್ಟರೆ ನಮ್ಮ ನಡುವೆ ಹೆಚ್ಚು ಕಡಿಮೆ ಇಲ್ಲವೆಂದು ನಂಬಿದ್ದೆ. ನಾನು ರಸಾಯನಶಾಸ್ತ್ರದ ಡಿಪ್ಲೊಮಾ ಮುಗಿಸಿದಾಗ ಮೀನು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತಲ್ಲ, ಬಿಳಿ ಕೋಟಿನ ಕೆಲಸ. ಬೇಡವೆಂದೆ. ಕಾರ್ಖಾನೆಯ ಹಿಂದೆ ರಾಶಿ ಬಿದ್ದು ಕೊಳೆಯುವ ಎಂಬೂಟಾ ಮೀನಿನ ಚರ್ಮ ನೋಡಿದಾಗಿನಿಂದ ನನಗೆ ಅದೇ ಗುಂಗು. "ಮೀನಿನ ಸಿಪ್ಪೆ ಕೆರೆಯೋಕೆ ಇಷ್ಟು ಓದಬೇಕಿತ್ತಾ?" ಎಂದು ಚಿಕ್ಕಪ್ಪ ಎಲ್ಲರೆದುರು ಕೇಳಿದಾಗ ನನ್ನ ಪರವಾಗಿ ಎದ್ದು ನಿಂತವಳು ನೀನೊಬ್ಬಳೇ. "ಅವಳ ಕೆಲಸ ಏನಂತ ಅವಳೇ ಹೇಳ್ತಾಳೆ, ನೀವಲ್ಲ" ಎಂದಿದ್ದೆ. ಆ ಮಾತನ್ನು ಎಷ್ಟು ವರ್ಷ ಎದೆಗೊತ್ತಿಕೊಂಡು ಬದುಕಿದೆ ಗೊತ್ತಾ? ಸುಣ್ಣದ ನೀರು ಹೆಚ್ಚಾಗಿ ಮೊದಲ ಕಂತೆ ಪೂರ್ತಿ ಅಂಟಾಯಿತು. ಎರಡನೆಯದು ಒಣಗಿ, ಬಗ್ಗಿಸಿದರೆ ಚಟಚಟ ಮುರಿಯಿತು. ವಾಸನೆಗೆ ಎರಡು ಬಾಡಿಗೆ ಮನೆಯವರು ನನ್ನನ್ನು ಹೊರಹಾಕಿದರು. ಮೂರನೇ ವರ್ಷ ಜಾಲಿ ತೊಗಟೆಯ ರಸದಲ್ಲಿ ಎಷ್ಟು ದಿನ, ಎಣ್ಣೆ ಯಾವಾಗ, ನೆರಳಿನಲ್ಲಿ ಎಷ್ಟು ಹೊತ್ತು ಎಂಬ ಹದ ಕೈಗೆ ಸಿಕ್ಕಿತು. ಮೊದಲ ಮೆತ್ತನೆ ಚರ್ಮವನ್ನು ನಿನ್ನ ಮಣಿಕಟ್ಟಿಗೆ ಸುತ್ತಿದೆ. ನೀನು ಮೂಗಿಗೆ ಹಿಡಿದು, ಮೀನಿನ ವಾಸನೆಯೇ ಇಲ್ಲವೆಂದು ಗೊತ್ತಾಗಿ ಅತ್ತೆ. "ನೀನು ಮಾಡು, ನಾನು ಮಾತಾಡ್ತೀನಿ" ಎಂದೆ. ಆ ಒಪ್ಪಂದವನ್ನು ನಾನು ಎಂದೂ ಮೀರಲಿಲ್ಲ. ಮಾತಿನಲ್ಲಿ ನನ್ನನ್ನೇ ಇಲ್ಲವಾಗಿಸುತ್ತೀ ಎಂದು ತಿಳಿದಿರಲಿಲ್ಲ.

ಆ ಭಾನುವಾರ ಫೋನ್ ಮಾಡಿದಾಗ ನೀನು ಹೇಳಿದ ಒಂದೊಂದು ಮಾತೂ ನೆನಪಿದೆ. "ಇಂಥ ಸ್ಪರ್ಧೆಗಳಲ್ಲಿ ನಾಲ್ಕು ಸಲ ನಿಜಾನೇ ಹೇಳಿದೆ ಕಣೇ. ಡಿಪ್ಲೊಮಾ ಓದಿದ ಅಕ್ಕತಂಗಿ, ಸ್ವಂತ ಬುದ್ಧಿಯಿಂದ ಕಟ್ಟಿದ ಕಸುಬು. ನಾಲ್ಕು ಸಲವೂ 'ಚೆನ್ನಾಗಿದೆ ಮಕ್ಕಳೇ' ಅಂತ ಬೆನ್ನು ತಟ್ಟಿ ಕಳಿಸಿದ್ರು. ಅವರಿಗೆ ಅಳು ಬರಬೇಕು ಅಡೊಂಗೊ. ನಿನ್ನನ್ನ ನೋಡಿ ಯಾರು ಅಳ್ತಾರೆ?" ಸುಳ್ಳಲ್ಲ, ಅದು ನನಗೂ ಅರ್ಥವಾಗುತ್ತದೆ. ನಮ್ಮಂಥವರು ಏನಾಗಬೇಕೆಂದು ನಾವು ಹೇಳಿದರೆ ಅವರು ಕೇಳುವುದಿಲ್ಲ, ತಾವು ತಂದ ಕಥೆಗೆ ನಮ್ಮ ಮುಖ ಹುಡುಕುತ್ತಾರೆ. ಆದರೆ ಅವರು ಹುಡುಕಿದರೆಂದು ನೀನು ನನ್ನ ಮುಖವನ್ನೇ ಕತ್ತರಿಸಿ ಕೊಡುವುದೇ? ಇದನ್ನು ಆಗಲೇ ಕೇಳಬೇಕಿತ್ತು. ಕೊನೆಯಲ್ಲಿ ನೀನು, "ಗುರುವಾರ ಸ್ಪರ್ಧೆಯವರ ಕ್ಯಾಮೆರಾದವನು ಬರ್ತಾನೆ. ಹತ್ತು ನಿಮಿಷ ಸುಮ್ಮನಿದ್ದು ಹೂಂ ಅನ್ನು ಸಾಕು, ನನ್ನಾಣೆ" ಎಂದೆ. ನಾನು ಹೂಂ ಎಂದೆ.

ಈಗ ಬರೆಯುವುದನ್ನು ನಿನಗೆ ಯಾರೂ ಹೇಳಿರಲಾರರು. ಗುರುವಾರ ಅವನು ಬಂದ, ಮರ್ಯಾದಸ್ಥ. ಜೊತೆಗೆ ನಮ್ಮ ಮಾತನ್ನು ಅವನಿಗೆ ತಿಳಿಸುವ ಹೆಂಗಸು. ನನಗೆ ಇಂಗ್ಲಿಷ್ ಬರುವುದಿಲ್ಲವೆಂದು ನೀನೇ ಹೇಳಿದ್ದೆಯಲ್ಲ. ಅವನ ಪ್ರಶ್ನೆ ನೇರ ಕಿವಿಗೆ ಬೀಳುತ್ತಿತ್ತು, ಆದರೂ ಆಕೆ ತಿಳಿಸುವವರೆಗೆ ಪೆದ್ದಿಯ ಹಾಗೆ ಕಾದು ನಿಂತೆ. ನಿಮ್ಮ ಗಂಡ ಹೇಗೆ ತೀರಿಕೊಂಡರು ಎಂದು ಕೇಳಿದ. ಹೂಂ ಎಂದು ಉತ್ತರಿಸುವ ಪ್ರಶ್ನೆಯಲ್ಲ ಅದು. ಏನು ಹೇಳಲಿ? ನನಗೆ ಹತ್ತಿರದಿಂದ ಗೊತ್ತಿದ್ದ ನೀರಿನ ಸಾವು ಒಂದೇ. ಗಾಳಿ ಎದ್ದಿತು, ದೋಣಿ ಮಗುಚಿತು, ಮೂರನೇ ದಿನ ಜೊಂಡಿನ ನಡುವೆ ಸಿಕ್ಕರು, ಕಾಲಲ್ಲಿ ಒಂದು ಬೂಟು ಇತ್ತು, ಇನ್ನೊಂದು ಇರಲಿಲ್ಲ ಎಂದೆ. ಅದು ಅವಿನೊಳ ಗಂಡನ ಸಾವು ಅಪಿಯೊ. ಮೊದಲ ದಿನದಿಂದ ನಮ್ಮ ಜೊತೆ ಚರ್ಮ ಕೆರೆಯುತ್ತಿರುವ ಅವಿನೊ. ಅವಳು ನನ್ನಿಂದ ಎರಡು ಮಾರು ದೂರದಲ್ಲಿ, ಕೈಯಲ್ಲಿ ಕೆರೆಯುವ ಚಾಕು ಹಿಡಿದು ನಿಂತು ಕೇಳುತ್ತಿದ್ದಳು. ಕ್ಯಾಮೆರಾದವನ ಕಣ್ಣಲ್ಲಿ ನೀರು ಬಂತು. ಅವಿನೊ ಅಳಲಿಲ್ಲ. ಚಾಕು ತೊಳೆದು, ಒರೆಸಿ, ಗೂಡಿನಲ್ಲಿಟ್ಟು ಹೊರಟುಹೋದಳು.

ಮರುದಿನ ಕೆಲಸಕ್ಕೆ ಬರಲಿಲ್ಲ. ಶನಿವಾರ ನಾನೇ ಅವಳ ಮನೆಗೆ ಹೋದೆ. ಅಂಗಳದಲ್ಲಿ ಒಮೆನಾ ಮೀನು ಒಣಹಾಕುತ್ತಿದ್ದಳು. ಕೂರು ಎನ್ನಲಿಲ್ಲ. ಮೀನು ಹರವುತ್ತಲೇ, ತಲೆ ಎತ್ತದೆ ಹೇಳಿದಳು: "ನನ್ನ ಲೇಸೋ ಬೇಕಿದ್ರೆ ಕೇಳು, ಉಟ್ಕೊಂಡು ಹೋಗು ಅಂತೀನಿ. ಒಲೆ ಬೇಕಿದ್ರೆ ಹೊತ್ಕೊಂಡು ಹೋಗು. ಅವನ ಸಾವು ಮಾತ್ರ ನನ್ನದು ಕಣೇ ಅಡೊಂಗೊ. ನಿನ್ನ ಗಂಡ ಮನೇಲಿ ಉಣ್ಣುತ್ತಾ ಕೂತಿರುವಾಗ ಅದನ್ನ ಹೇಗೆ ಎತ್ಕೊಂಡೆ ನೀನು?" ತಪ್ಪಾಯಿತು ಎಂದು ಅವಳ ಕಾಲ ಬಳಿ ಕುಕ್ಕರಿಸಿದೆ. "ನನ್ನ ಹತ್ರ ಹೇಳಿದ್ರೆ ಏನು ಬಂತು? ಯಾರ ಮುಂದೆ ಸುಳ್ಳು ಹೇಳಿದ್ಯೋ ಅವರ ಮುಂದೆ ಹೇಳು. ಆಮೇಲೆ ಬರ್ತೀನಿ ಕೆಲಸಕ್ಕೆ" ಎಂದಳು.

ದಾರಿಯುದ್ದಕ್ಕೂ ನಿನ್ನನ್ನೇ ಬೈದುಕೊಂಡು ಬಂದೆ. ಮನೆ ಹತ್ತಿರವಾದಾಗ ಬೈಗುಳ ಮುಗಿದುಹೋಯಿತು. ನೀನು ನನಗೆ ಮಾಡಿದ್ದನ್ನೇ ನಾನು ಅವಿನೊಗೆ ಮಾಡಿದ್ದೆ, ಅದೂ ಅವಳ ಕಣ್ಣೆದುರೇ. ನೀನಾದರೂ ನೈರೋಬಿಯಲ್ಲಿ, ನನ್ನ ಬೆನ್ನ ಹಿಂದೆ ಮಾಡಿದೆ. ಔಕೊ ಅಂದಿನಿಂದ ತಮಾಷೆ ಬಿಟ್ಟಿದ್ದಾನೆ. ನಿನ್ನೆ ಬಾಚಿ ಮಸೆಯುತ್ತಾ, "ನನ್ನನ್ನ ಸಾಯಿಸಿದ್ದಕ್ಕೆ ಬೇಜಾರಿಲ್ಲ. ಆದರೆ ನಿಮ್ಮಕ್ಕನಿಗೆ ನೀನು ಬೇಕಾಗಿಲ್ಲವಲ್ಲ, ಬರೀ ನಿನ್ನ ಕೈ ಸಾಕಾಯಿತಲ್ಲ, ಅದು ಬೇಜಾರು" ಎಂದ. ಅದಕ್ಕೆ ಉತ್ತರ ನಿನ್ನ ಹತ್ತಿರ ಇರಬೇಕು.

ಅಮ್ಮನಿಗೆ ಇನ್ನೂ ಏನೂ ಗೊತ್ತಿಲ್ಲ. ಮಗಳು ಸ್ಪರ್ಧೆಯ ಬಹುಮಾನ ಗೆದ್ದಳೆಂದು ಊರಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾಳೆ, "ನನ್ನ ಮಕ್ಕಳು ಗೆದ್ದರು" ಎಂದು ಇಬ್ಬರನ್ನೂ ಸೇರಿಸಿ. ಅವಳ ಹರಕೆ ನಿನ್ನ ಮೇಲಿರಲಿ. ಕೆಲಸದ ಹೆಂಗಸರು ನಿನ್ನ ಕ್ಷೇಮ ಕೇಳಿದರು ಎಂದು ಬರೆಯಬಹುದಿತ್ತು, ಆದರೆ ಅವರು ಕೇಳಲಿಲ್ಲ. ಮೈ ನೋಡಿಕೋ. ಕೆಮ್ಮಿಗೆ ಶುಂಠಿ ಕುದಿಸಿ ಕುಡಿ.

ನಿನ್ನ ತಂಗಿ,
ಅಡೊಂಗೊ

ಮತ್ತೆ: ನೈರೋಬಿ ಬಸ್ಸಿನ ಡ್ರೈವರ್ ಕಾಗದಕ್ಕಾಗಿ ಹಾರ್ನ್ ಹಾಕುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅವಿನೊ ಹೇಳಿದ ಮೇಲೆ, ಮೊನ್ನೆ ಶುಕ್ರವಾರ ನಾನೇ ಸ್ಪರ್ಧೆಯವರಿಗೆ ಫೋನ್ ಮಾಡಿದೆ, ಇಂಗ್ಲಿಷಿನಲ್ಲಿ. ಡುಂಗಾದ ಕೆಲಸದ ಬಗ್ಗೆ ಹೇಳುವುದಿದೆ, ಬನ್ನಿ ಎಂದಷ್ಟೇ ಹೇಳಿದೆ. ಹದಿನೆಂಟಕ್ಕೆ, ಬುಧವಾರ ಬೆಳಿಗ್ಗೆ ಬರುತ್ತಾರಂತೆ. ನೀನು ಮಂಗಳವಾರವೇ ಬಾ. ನೀನಾಗಿಯೇ ನಿಜ ಹೇಳಿದರೆ ಪಕ್ಕದಲ್ಲಿ ನಿಲ್ಲುತ್ತೇನೆ, ಗೆದ್ದದ್ದೆಲ್ಲ ಹೋದರೂ ಮತ್ತೆ ಪೀಪಾಯಿ ತುಂಬಿಸೋಣ. ಬರದಿದ್ದರೆ ಒಬ್ಬಳೇ ಹೇಳುತ್ತೇನೆ, ಅವಿನೊಳ ಎದುರು, ನನ್ನ ಸುಳ್ಳು ಮೊದಲು, ಆಮೇಲೆ ನಿನ್ನದು. ಅಷ್ಟರಲ್ಲಿ ಸುಮ್ಮನಿರು ಎನ್ನಲು ಫೋನ್ ಮಾಡಬೇಡ. ನಾನು ಎತ್ತುವುದಿಲ್ಲ.